ಹಪ್ಪಳ ತಿನ್ನೋರು ಯಾರು?

ನಮ್ಮ ಮನೆಯವರಿಗೆ ಅಂಗೈ ಬೆವರುತ್ತದೆ. ಬೇರೆ ಊರಿನಲ್ಲಾದರೆ ಇದೇನು ದೊಡ್ಡ ಸಂಗತಿಯಲ್ಲ, ಜೇಬಿನಲ್ಲೊಂದು ಕರವಸ್ತ್ರ ಇಟ್ಟುಕೊಂಡರೆ ಮುಗಿಯಿತು. ನಮ್ಮೂರಿನಲ್ಲಿ ಇದರಿಂದ ಅವರ ಬಟ್ಟೆ ಅಂಗಡಿಯೇ ಮುಚ್ಚಿತು. ಸೀರೆ ಬಿಚ್ಚಿ ಹಾಸಿ, ಬಣ್ಣ ಹೋಗುವುದಿಲ್ಲ ಅನ್ನುವಷ್ಟರಲ್ಲಿ ಗಿರಾಕಿ ಉಪ್ಪಿನ ಬಟ್ಟಲನ್ನು ಮುಂದೆ ತಳ್ಳುತ್ತಿದ್ದಳು. ಇವರು ಒಂದು ಹಿಡಿ ಉಪ್ಪು ಹಿಡಿದು ಅದೇ ಮಾತನ್ನು ಮತ್ತೆ ಹೇಳಬೇಕು, ಹೇಳಿ ಮುಷ್ಟಿ ಬಿಚ್ಚಬೇಕು. ಬಿಚ್ಚಿದರೆ ಉಪ್ಪು ಒದ್ದೆ. ಸುಳ್ಳಾಡಿದವರ ಕೈಯಲ್ಲಿ ಉಪ್ಪು ಒದ್ದೆಯಾಗಿ ನಿಲ್ಲುವುದಿಲ್ಲ, ಪೂರಾ ಕರಗಿ ಬೆರಳಿನ ಸಂದಿಯಿಂದ ನೀರಾಗಿ ಸುರಿಯುತ್ತದೆ. ಅದು ಬೇರೆ, ಇದು ಬೇರೆ. ಆದರೆ ನಿಂತು ನೋಡುವ ವ್ಯವಧಾನ ಯಾರಿಗಿದೆ? ಗಿರಾಕಿಗಳು ಮುಖ ಮುರಿದುಕೊಂಡು ಎದುರಿನ ಅಂಗಡಿಗೆ ಹೋಗುತ್ತಿದ್ದರು. ಕೊನೆಗೆ ಅಂಗಡಿ ಎತ್ತಿ, ನಾನು ಊಟದ ಮನೆ ಇಟ್ಟೆ. ಇವರು ಒಳಗೆ ಒಲೆಯ ಮುಂದೆ, ನಾನು ಹೊರಗೆ ಗಲ್ಲಾದ ಮುಂದೆ. ಊಟದ ಮನೆ ದ್ಯಾಮಕ್ಕ ಅಂದರೆ ಈಗ ಯಾರು ಬೇಕಾದರೂ ದಾರಿ ತೋರಿಸುತ್ತಾರೆ.

ಹೊರಗಿನಿಂದ ಬಂದ ನೆಂಟರಿಗೆ ನಮ್ಮೂರಿನ ಊಟ ವಿಚಿತ್ರ ಅನ್ನಿಸುತ್ತದೆ. ಎಲೆಯ ತುದಿಗೆ ಉಪ್ಪು ಬಡಿಸುವ ಪದ್ಧತಿ ನಮ್ಮಲ್ಲಿಲ್ಲ. ಬಡಿಸಿದರೆ ಯಾವನಾದರೂ ಕಿಡಿಗೇಡಿ ಅದನ್ನೇ ಎತ್ತಿ ನನ್ನ ಕೈಗೆ ಕೊಟ್ಟು, ‘ದ್ಯಾಮಕ್ಕ, ಈ ಸಾರಿಗೆ ನೆನ್ನೆ ಸಾರು ಬೆರೆಸಿಲ್ಲ ಅಂತ ಹೇಳು’ ಅನ್ನಬಹುದು. ಹೊಸದಾಗಿ ಮದುವೆಯಾದ ಹುಡುಗಿಯರಿಗೆ ಅತ್ತೆಯರು ಮೊದಲು ಕಲಿಸುವುದು, ಗಂಡ ಊಟ ಮಾಡುವಾಗ ಉಪ್ಪಿನ ಡಬ್ಬಿ ಕಣ್ಣಿಗೆ ಬೀಳದ ಹಾಗೆ ಇಡುವುದನ್ನು. ಓಟು ಕೇಳಲು ಬರುವವರು ಬೀದಿಯ ಈ ತುದಿಯಿಂದ ಆ ತುದಿಯವರೆಗೂ ಎರಡೂ ಕೈ ಜೋಡಿಸಿಕೊಂಡೇ ಹೋಗುತ್ತಾರೆ, ಬಿಡಿಸುವುದೇ ಇಲ್ಲ. ಉಪ್ಪಿಲ್ಲದೆ ಆಡಿದ ಮಾತು ನಮ್ಮಲ್ಲಿ ಹರಟೆ. ಉಪ್ಪು ಹಿಡಿದು ಆಡಿದ ಮಾತು ಕಲ್ಲಿನ ಮೇಲೆ ಕೆತ್ತಿದ ಹಾಗೆ. ಹಾಗಾಗಿ ನಮ್ಮೂರಿನಲ್ಲಿ ಮೋಸ ಇಲ್ಲ ಅಂತ ನಾವೆಲ್ಲ ಎದೆ ಉಬ್ಬಿಸಿಕೊಂಡಿದ್ದೆವು. ಮೋಸ ಇಲ್ಲದ ಊರಿನವರಿಗೆ ಪ್ರಶ್ನೆ ಕೇಳುವ ಅಭ್ಯಾಸವೇ ತಪ್ಪಿಹೋಗಿರುತ್ತದೆ ಅನ್ನುವುದು ನನಗೆ ಹೊಳೆದದ್ದು ಹಾಲಮ್ಮನ ಹಪ್ಪಳದಿಂದ.

ಹಾಲಮ್ಮ ನನ್ನ ನಾದಿನಿ, ಇವರ ತಂಗಿ. ಮರ ಕೊಯ್ಯುವ ಮಿಲ್ಲಿನಲ್ಲಿ ಗಂಡ ತೀರಿಕೊಂಡಾಗ ಮಾಲೀಕರು ಕೊಟ್ಟ ದುಡ್ಡನ್ನು ಮುಟ್ಟದೆ ಇಟ್ಟಿದ್ದಳು. ಮುಪ್ಪಿಗೆ ಅದೇ ಅವಳ ಆಧಾರ. ಒಬ್ಬರ ಮೇಲೆ ಜೋರು ಮಾತಾಡಿದವಳಲ್ಲ. ಅವಳ ಕೈಯಲ್ಲಿ ಉಪ್ಪು ಹೇಗಿರುತ್ತದೆಂದರೆ ತೆಗೆದು ಮತ್ತೆ ಡಬ್ಬಿಗೆ ಹಾಕಬಹುದು, ಅಷ್ಟು ಒಣಗಿರುತ್ತದೆ ಅಂತ ಓಣಿಯವರು ಹೇಳುತ್ತಿದ್ದರು. ಸಂಬಂಧ ಕುದುರಿಸುವಾಗ ಹುಡುಗನ ಗುಣ ಹೇಳಲು ಅವಳನ್ನೇ ಕರೆಯುತ್ತಿದ್ದರು.

ಒಂದು ಮಧ್ಯಾಹ್ನ ಊಟದ ಗದ್ದಲ ಇಳಿದ ಮೇಲೆ ಓಡೋಡಿ ಬಂದಳು. ‘ಅತ್ತಿಗೆ, ನಾನು ಹಪ್ಪಳದ ಯಂತ್ರ ತಗೊಂಡೆ’ ಅಂದಳು.

ನಾನು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದೆ. ಕೈ ಅಲ್ಲೇ ನಿಂತಿತು. ‘ಯಾವ ದುಡ್ಡಲ್ಲೇ?’

‘ಇನ್ಯಾವ ದುಡ್ಡು ಇದೆ ನನ್ನ ಹತ್ರ?’

ಶ್ರೀಕರಯ್ಯ ಅಂತ ಒಬ್ಬರು ಹೊಳೆಯ ಆಚೆ ಗೋದಾಮು ಮಾಡಿದ್ದಾರೆ. ಮುಂಗಡ ಕಟ್ಟಿದರೆ ಹಪ್ಪಳ ಒತ್ತುವ ಯಂತ್ರ ಮನೆಗೆ ಬರುತ್ತದೆ. ಹಿಟ್ಟಿನ ಮೂಟೆಯನ್ನು ಅವರಿಂದಲೇ ಕೊಳ್ಳಬೇಕು. ಒತ್ತಿ, ಒಣಗಿಸಿ, ಅವರಿಗೇ ಕೊಡಬೇಕು. ಅವರು ಒಳ್ಳೆಯ ಬೆಲೆಗೆ ಕೊಳ್ಳುತ್ತಾರೆ. ನಮ್ಮ ಕೈಯಿಂದ ಏನೂ ಬೆರೆಸುವ ಹಾಗಿಲ್ಲ, ಒಂದೇ ಒಂದು ಹಪ್ಪಳ ಮನೆಯಲ್ಲಿ ಕರಿಯುವ ಹಾಗೂ ಇಲ್ಲ, ಯಾಕೆಂದರೆ ತೂಕ ನೋಡಿ ತೆಗೆದುಕೊಳ್ಳುತ್ತಾರೆ. ಇಷ್ಟನ್ನೂ ಅವಳು ಒಂದೇ ಉಸಿರಿಗೆ ಹೇಳಿದಳು. ಬೆಲೆ ಎಷ್ಟೆಂದು ಕೇಳಿದೆ. ಹೇಳಿದಳು. ನಾನು ಊಟದ ಮನೆಗೆ ಅಂಗಡಿಯಿಂದ ತರುವ ಹಪ್ಪಳಕ್ಕಿಂತ ಅದು ಹೆಚ್ಚು.

‘ಅಲ್ಲ ಕಣೆ ಹಾಲಮ್ಮ, ಅಂಗಡೀಲಿ ಕಡಿಮೆಗೆ ಸಿಗೋ ಹಪ್ಪಳಾನ ಈ ಮನುಷ್ಯ ನಿನ್ನ ಹತ್ರ ಜಾಸ್ತಿ ಕೊಟ್ಟು ಯಾಕೆ ತಗೊತಾನೆ? ಆಮೇಲೆ ಅವನು ಎಷ್ಟಕ್ಕೆ ಮಾರ್ತಾನೆ? ತಿನ್ನೋರು ಯಾರು?’

‘ದೊಡ್ಡ ದೊಡ್ಡ ಹೋಟೆಲಿಗೆ ಹೋಗುತ್ತಂತೆ. ಹಡಗಿನ ಮೇಲೂ ಹೋಗುತ್ತಂತೆ.’

‘ಹಾಗಂತ ಅವರೇ ಹೇಳಿದ್ರಾ?’

‘ಅವರಲ್ಲ... ಎಲ್ಲರೂ ಹೇಳ್ತಾರಲ್ಲ.’

‘ಎಲ್ಲರಿಗೂ ಯಾರು ಹೇಳಿದ್ದು?’

ಹಾಲಮ್ಮ ನಕ್ಕುಬಿಟ್ಟಳು. ‘ಅತ್ತಿಗೆ, ನಿಮಗೆ ಎರಡು ರೂಪಾಯಿ ಕೊತ್ತಂಬರಿ ತಗೊಳ್ಳೋಕೂ ಇಷ್ಟು ಹೊತ್ತು ಬೇಕು. ಅವರು ಚೌಲ್ಟ್ರಿಯಲ್ಲಿ ಉಪ್ಪು ಹಿಡಿದು ಮಾತಾಡಿದಾರೆ. ಇನ್ನೇನು ಬೇಕು?’

ಆ ಸಭೆಗೆ ನಾನೂ ಹೋಗಿದ್ದೆ. ಶ್ರೀಕರಯ್ಯ ನೋಡಲು ಸಣ್ಣ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆಲುದನಿ. ಎಲ್ಲರ ಹಾಗೆ ಮುಷ್ಟಿ ಕಟ್ಟಲಿಲ್ಲ, ಉಪ್ಪನ್ನು ಅಂಗೈ ಮೇಲೆ ಹರಡಿಕೊಂಡು ಎಲ್ಲರಿಗೂ ಕಾಣುವ ಹಾಗೆ ಹಿಡಿದರು. ‘ನನಗೆ ಹೆಚ್ಚು ಮಾತು ಬಾರದು. ನೀವು ಎಷ್ಟು ಹಪ್ಪಳ ಒತ್ತಿದರೂ ಕೊಳ್ಳುತ್ತೇನೆ. ಒಂದನ್ನೂ ಎಸೆಯುವುದಿಲ್ಲ, ಒಂದೂ ವ್ಯರ್ಥವಾಗುವುದಿಲ್ಲ. ನಿಮ್ಮೂರಿನ ಹೆಂಗಸರಿಂದಲೇ ನನ್ನ ಮನೆಯ ದೀಪ ಉರಿಯುತ್ತಿದೆ’ ಅಂದರು. ಉಪ್ಪು ಹರಳು ಹರಳಾಗಿ ಮಿನುಗುತ್ತಿತ್ತು. ಜನ ಚಪ್ಪಾಳೆ ತಟ್ಟಿದರು. ಇಷ್ಟು ಬಿಟ್ಟರೆ ಅವರು ಇನ್ನೇನೂ ಹೇಳಲಿಲ್ಲ, ನಾವು ಯಾರೂ ಕೇಳಲೂ ಇಲ್ಲ.

ಆಮೇಲಿನ ಕೆಲಸವನ್ನೆಲ್ಲ ನಮ್ಮ ಹೆಂಗಸರೇ ಮಾಡಿದರು. ಗುರುವಾರದ ಸಂತೆಯಲ್ಲಿ ಉಪ್ಪಿನ ಕಟ್ಟೆ ಅಂತ ಇದೆ, ಏನನ್ನಾದರೂ ನಾಲ್ಕು ಜನರ ಮುಂದೆ ಹೇಳಬೇಕಾದವರು ಅಲ್ಲಿ ನಿಂತು ಹೇಳುತ್ತಾರೆ. ಹಾಲಮ್ಮ ಅಲ್ಲಿ ನಿಂತು, ಹಿಡಿ ಉಪ್ಪು ಹಿಡಿದು, ನಮ್ಮ ಹಪ್ಪಳ ದೊಡ್ಡ ಹೋಟೆಲುಗಳಿಗೆ ಹೋಗುತ್ತದೆ, ಈ ಕೆಲಸದಲ್ಲಿ ನಷ್ಟ ಇಲ್ಲ ಅಂದಳು. ಅವಳು ಹಾಗೇ ನಂಬಿದ್ದಳು. ನಂಬಿದವರ ಕೈಯಲ್ಲಿ ಉಪ್ಪು ಯಾಕೆ ಕರಗುತ್ತದೆ? ಮುಷ್ಟಿ ಬಿಚ್ಚಿ ತೋರಿಸಿದಾಗ, ಅಲ್ಲಿಯವರೆಗೆ ಬರೀ ಹರಟೆಯಾಗಿದ್ದ ಮಾತು ನಿಜವಾಗಿಬಿಟ್ಟಿತು. ಕೇಳಿದವರು ಯಂತ್ರ ಕೊಂಡರು, ಅವರೂ ನಂಬಿದರು, ಮುಂದಿನ ವಾರ ಅವರೂ ಕಟ್ಟೆಯ ಮೇಲೆ ನಿಂತರು. ಹೊಸಬರನ್ನು ಕರೆತಂದವರಿಗೆ ಕಂಪನಿಯವರು ಬಹುಮಾನ ಅಂತ ಒಂದಿಷ್ಟು ಸೇರಿಸಿ ಕೊಡುತ್ತಿದ್ದರು. ಊರಿನ ಮಾಳಿಗೆಗಳ ಮೇಲೆಲ್ಲ ಹಪ್ಪಳ. ದೂರದಿಂದ ನೋಡಿದರೆ ಊರಿಗೇ ಸಿಡುಬು ಎದ್ದ ಹಾಗೆ ಕಾಣುತ್ತಿತ್ತು.

ಒಂದೆರಡು ಸಲ ಹಾಲಮ್ಮನ ಮನೆಗೆ ಹೋಗಿದ್ದೆ. ಅವಳ ಕೈಯೆಲ್ಲ ಹಿಟ್ಟಿನ ಸೋಡಾ ತಾಗಿ ಬಿರುಕು ಬಿಟ್ಟಿತ್ತು. ‘ಈ ಸಲದ ಹಿಟ್ಟು ತರಿತರಿ ಅತ್ತಿಗೆ, ನಾದೋಕೆ ಎಣ್ಣೆ ಜಾಸ್ತಿ ಬೇಕು. ಆದರೆ ಕಂಪನಿಯವರು ಮೆಣಸಿನ ಪುಡಿ ಸೇರಿಸಿದ್ದಾರೆ ನೋಡಿ, ಹೊಸ ರುಚಿ ಅಂತೆ’ ಅಂದಳು. ನಾನು ಮೂಸಿದೆ. ಹೌದು, ಕರಿಮೆಣಸಿನ ಘಾಟು. ಅವಳೋ ಬಾಗಿಲು ಮುಂದೆ ಮಾಡಿ, ಕಪಾಟಿನಿಂದ ಒಂದು ಡಬ್ಬಿ ತೆಗೆದು, ಹಿಟ್ಟಿಗೆ ಚಿಟಿಕೆ ಚಿಟಿಕೆ ಉದುರಿಸಿದಳು.

‘ಏನೂ ಹಾಕಬಾರದು ಅಂದಿದ್ದಾರಲ್ಲೇ?’

‘ಚೂರೇ ಚೂರು. ಅಮ್ಮನ ಪುಡಿ ಹಾಕದೆ ಹಪ್ಪಳ ಒತ್ತೋಕೆ ನನಗೆ ಕೈ ಬರೋದಿಲ್ಲ’ ಅಂತ ನಾಚಿಕೊಂಡಳು.

ಅಮ್ಮನ ಪುಡಿ ಅಂದರೆ ನಮ್ಮ ಅತ್ತೆಯವರದು. ಓಮವನ್ನು ಕಪ್ಪಾಗುವ ತನಕ ಹುರಿದು, ಒಣಗಿದ ಕಿತ್ತಳೆ ಸಿಪ್ಪೆಯ ಜೊತೆ ಒರಟಾಗಿ ಕುಟ್ಟಿದ್ದು. ಹಪ್ಪಳಕ್ಕೆ ಕಿತ್ತಳೆ ಸಿಪ್ಪೆ ಹಾಕುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಸೊಸೆಯಾಗಿ ಬಂದ ಹೊಸತರಲ್ಲಿ ಅದು ನನ್ನ ಬಾಯಿಗೆ ಸೇರುತ್ತಿರಲಿಲ್ಲ. ಆಮೇಲೆ ಅದಿಲ್ಲದ ಹಪ್ಪಳವೇ ಸೇರದ ಹಾಗಾಯಿತು.

ದಿನ ಕಳೆದಂತೆ ಹಾಲಮ್ಮನ ನಗು ಕಡಿಮೆಯಾಯಿತು. ಕಂಪನಿಯವರು ಹಪ್ಪಳ ತೂಗಿಕೊಂಡು, ದುಡ್ಡನ್ನು ಮುಂದಿನ ವಾರ ಕೊಡುತ್ತೇವೆ ಅನ್ನತೊಡಗಿದ್ದರು. ಹಿಟ್ಟಿಗೆ ಮಾತ್ರ ಕೈಯಲ್ಲೇ ಕಾಸು. ಆಮೇಲೆ ಹೊಸ ನಿಯಮ ಬಂತು. ಇನ್ನೂ ಮೂವರನ್ನು ಸೇರಿಸಿದವರಿಗೆ ಹಳೆಯ ಬಾಕಿ ಪೂರಾ ಬಿಡುಗಡೆ. ಇದನ್ನು ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ.

‘ಯಾರನ್ನ ಸೇರಿಸ್ತೀಯ?’ ಅಂದೆ.

‘ಇಬ್ಬರು ಸಿಕ್ಕಿದಾರೆ. ಮೂರನೆಯವಳು ನಿಮ್ಮ ಕುಸುಮ.’

ಕುಸುಮ ನಮ್ಮ ಊಟದ ಮನೆಯ ಮೂಲೆಯಲ್ಲಿ ಇಸ್ತ್ರಿ ಗಾಡಿ ಇಟ್ಟುಕೊಂಡಿರುವ ಹುಡುಗಿ. ಗಾಡಿ ಅವಳದಲ್ಲ, ದಿನಬಾಡಿಗೆಯದು. ಆ ಗಾಡಿಯನ್ನೇ ಕೊಳ್ಳಬೇಕೆಂದು ಮಧ್ಯಾಹ್ನದ ಊಟವನ್ನು ಅರ್ಧ ಮಾಡಿಕೊಂಡು ಕೂಡಿಡುತ್ತಿದ್ದಳು. ನಾನು ಅನ್ನ ಹೆಚ್ಚು ಬಡಿಸಿದರೆ, ‘ಅಕ್ಕ, ಅರ್ಧ ಊಟಕ್ಕೆ ಅರ್ಧ ಅನ್ನ’ ಅಂತ ಎಲೆಗೆ ಕೈ ಅಡ್ಡ ಹಿಡಿಯುವವಳು. ಅವಳನ್ನು ಕರೆದು ಹೇಳಿದೆ. ‘ನಿನಗೆ ಗೊತ್ತಿರೋ ಕೆಲಸ ಬಿಟ್ಟು, ಗೊತ್ತಿಲ್ಲದ್ದಕ್ಕೆ ಇದ್ದಬದ್ದದ್ದನ್ನೆಲ್ಲ ಸುರೀಬೇಡ ಮಗಳೇ. ಸೇರಲೇಬೇಕು ಅಂದ್ರೆ ಒಂದು ಭಾಗ ಹಾಕು, ಮುಳುಗಿದ್ರೂ ನೀನು ಉಳೀತೀಯ.’

‘ಭಾಗ ಹಾಕೋ ಹಾಗಿಲ್ಲ ಅಕ್ಕ, ಯಂತ್ರದ ಮುಂಗಡ ಪೂರಾ ಕಟ್ಟಬೇಕು. ಈ ಗುರುವಾರವೇ ಕೊನೆ, ಆಮೇಲೆ ಬೆಲೆ ಏರುತ್ತೆ’ ಅಂದಳು.

‘ಅವಸರ ಮಾಡೋ ವ್ಯಾಪಾರಿ ಹತ್ರ ನಾನು ಬದನೆಕಾಯಿ ಕೂಡ ಕೊಳ್ಳೋದಿಲ್ಲ.’

‘ಹಾಲಮ್ಮಕ್ಕ ಗುರುವಾರ ಉಪ್ಪು ಹಿಡಿದು ಹೇಳ್ತಾರಂತೆ. ಅವರ ಉಪ್ಪು ಒಣಗಿದ್ರೆ ಹಾಕ್ತೀನಿ, ಕರಗಿದ್ರೆ ಬಿಡ್ತೀನಿ. ಸರಿ ತಾನೆ?’

ಸರಿಯಲ್ಲ ಅಂತ ನನ್ನ ಮನಸ್ಸು ಹೇಳುತ್ತಿತ್ತು. ಯಾಕೆ ಸರಿಯಲ್ಲ ಅಂತ ನಾಲಗೆಗೆ ಬರಲಿಲ್ಲ. ಹುಟ್ಟಿದಾಗಿನಿಂದ ಆ ಲೆಕ್ಕದಲ್ಲೇ ಬದುಕಿದವಳು ನಾನೂ ತಾನೆ?

ಗುರುವಾರ ಬೆಳಿಗ್ಗೆ ಉಪ್ಪಿನಕಾಯಿಗೆ ನಿಂಬೆಹಣ್ಣು ತರಲೆಂದು ಸೇತುವೆಯಾಚೆ ಖೈರುಬಿಯ ಮನೆಗೆ ಹೋದೆ. ಅವಳ ಹಿತ್ತಲಿನ ನಿಂಬೆಗೆ ರಸ ಹೆಚ್ಚು. ಹೊಸ್ತಿಲು ದಾಟುತ್ತಿದ್ದ ಹಾಗೇ ನನಗೆ ಅತ್ತೆಯವರ ನೆನಪಾಯಿತು. ಇದೇನಪ್ಪ, ಸತ್ತು ಎಷ್ಟೋ ವರ್ಷವಾದವರು ನೆಂಟರ ಹಾಗೆ ಈ ಮನೆಗೆ ಯಾಕೆ ಬಂದರು ಅಂದುಕೊಂಡು ನಿಂತೆ. ಆಮೇಲೆ ಗೊತ್ತಾಯಿತು, ನೆನಪಲ್ಲ, ಅದು ವಾಸನೆ. ಹುರಿದ ಓಮ, ಕಿತ್ತಳೆ ಸಿಪ್ಪೆ. ಜಗಲಿಯ ಮೇಲೆ ಖೈರುಬಿ ಹಪ್ಪಳದ ಹಿಟ್ಟು ನಾದುತ್ತ ಕೂತಿದ್ದಳು.

‘ಖೈರುಬಿ, ಇದಕ್ಕೆ ಏನು ಹಾಕಿದೀರಿ?’

‘ಏನೂ ಇಲ್ಲ ದ್ಯಾಮಕ್ಕ. ಕಂಪನಿ ಹಿಟ್ಟು. ನೀರು, ಎಣ್ಣೆ, ಅಷ್ಟೇ.’

‘ಓಮ?’

‘ಅಯ್ಯೋ ಇಲ್ಲಮ್ಮ. ನೆನ್ನೆ ಬಿಚ್ಚಿದ ಮೂಟೆ, ಹೀಗೇ ಬಂತು. ನೋಡಿ ಬೇಕಾದ್ರೆ.’

ಮೂಟೆಯೊಳಗೆ ಕೈ ಹಾಕಿದೆ. ತರಿತರಿ. ಅಂಗೈ ಮೇಲೆ ಹರಡಿ ನೋಡಿದೆ. ಅದು ಬೀಸಿದ ಹಿಟ್ಟಾಗಿರಲಿಲ್ಲ, ಕುಟ್ಟಿ ಪುಡಿಮಾಡಿದ ಯಾವುದೋ ಒಣ ಪದಾರ್ಥ. ನಡುವೆ ಉಗುರಿನಷ್ಟು ದೊಡ್ಡ ಒಂದು ಚೂರು ಸಿಕ್ಕಿತು. ತೆಳ್ಳಗೆ, ಒಂದು ಅಂಚು ದುಂಡಗೆ. ಅದರ ಮೇಲೆ ಕಪ್ಪು ಓಮದ ಕಾಳು, ಪಕ್ಕದಲ್ಲಿ ಕೇಸರಿ ಬಣ್ಣದ ಸಿಪ್ಪೆ. ಹಪ್ಪಳದ ಅಂಚು. ಹಾಲಮ್ಮನ ಹಪ್ಪಳ.

ಆ ಚೂರನ್ನು ಹಿಡಿದುಕೊಂಡೇ ಜಗಲಿಯ ಮೇಲೆ ಕೂತೆ. ಒಂದನ್ನೂ ಎಸೆಯುವುದಿಲ್ಲ, ಒಂದೂ ವ್ಯರ್ಥವಾಗುವುದಿಲ್ಲ ಅಂದಿದ್ದನಲ್ಲ ಆ ಮನುಷ್ಯ! ಹೋಟೆಲಿಲ್ಲ, ಹಡಗಿಲ್ಲ. ಹಾಲಮ್ಮ ಒತ್ತಿದ್ದನ್ನು ಕುಟ್ಟಿ ಖೈರುಬಿಗೆ ಮಾರಿದ್ದಾನೆ. ಖೈರುಬಿಯದನ್ನು ಕುಟ್ಟಿ ಇನ್ಯಾರಿಗೋ. ಹಾಲಮ್ಮನ ಮೂಟೆಯಲ್ಲಿದ್ದ ಆ ಕರಿಮೆಣಸು ಯಾವ ತಾಯಿ ಬಾಗಿಲು ಮುಚ್ಚಿಕೊಂಡು ಹಾಕಿದ್ದೋ! ಹಿಟ್ಟಿಗೆ ದುಡ್ಡು ಕೊಡುವವರೂ ನಾವೇ, ಯಂತ್ರಕ್ಕೆ ಕೊಡುವವರೂ ನಾವೇ. ಕುಸುಮ ಕಟ್ಟುವ ಮುಂಗಡದಲ್ಲಿ ಒಂದು ಚೂರು ಮುರಿದು ಹಾಲಮ್ಮನ ಬಾಕಿ ತೀರಿಸುತ್ತಾರೆ, ಉಳಿದದ್ದು ಅವನ ದೀಪದ ಎಣ್ಣೆಗೆ. ಊರೆಲ್ಲ ಬಿಸಿಲಿನಲ್ಲಿ ಬೆಂದು ಒತ್ತಿದ ಹಪ್ಪಳವನ್ನು ಇವತ್ತಿನವರೆಗೆ ಒಂದೇ ಒಂದು ಬಾಯಿ ತಿಂದಿಲ್ಲ.

ಒಂದು ಹಿಡಿ ಪುಡಿಯನ್ನೂ ಆ ಚೂರನ್ನೂ ಒಂದು ಬಟ್ಟೆಯ ತುಂಡಿನಲ್ಲಿ ಗಂಟು ಕಟ್ಟಿಕೊಂಡು ಹೊರಟೆ. ಖೈರುಬಿಗೂ ಸಂತೆಗೆ ಬರಲು ಹೇಳಿದೆ. ನಿಂಬೆಹಣ್ಣು ಅಲ್ಲೇ ಉಳಿಯಿತು.

ಹಾಲಮ್ಮ ಕಟ್ಟೆಗೆ ಹೋಗಲು ತಲೆ ಬಾಚಿಕೊಳ್ಳುತ್ತಿದ್ದಳು. ನಾನು ಗಂಟು ಬಿಚ್ಚಿ ಅವಳ ಮೂಗಿನ ಹತ್ತಿರ ಹಿಡಿದೆ. ಕನ್ನಡಿಯಲ್ಲಿ ಅವಳ ಮುಖ ಬಿಳಿಚಿಕೊಂಡದ್ದು ಕಾಣಿಸಿತು.

‘ಎಲ್ಲಿ ಸಿಕ್ತು?’

‘ಖೈರುಬಿ ಮನೆಯ ಹೊಸ ಮೂಟೆಯಲ್ಲಿ.’

‘ಓಮ ಹಾಕೋಳು ಪ್ರಪಂಚದಲ್ಲಿ ನಾನೊಬ್ಬಳೇನಾ?’

‘ಕಿತ್ತಳೆ ಸಿಪ್ಪೆ?’

ಅವಳು ಬಾಚಣಿಗೆಯಲ್ಲಿ ಸಿಕ್ಕಿದ ಕೂದಲನ್ನು ಬಿಡಿಸಿ, ಸುತ್ತಿ, ಮತ್ತೆ ಬಿಡಿಸಿ, ಮತ್ತೆ ಸುತ್ತಿದಳು. ಆಮೇಲೆ ಬಹಳ ಮೆಲ್ಲಗೆ, ‘ಇವತ್ತೊಂದು ದಿನ ಅತ್ತಿಗೆ. ಈ ಮೂವರು ಸೇರಿಬಿಟ್ರೆ ನನ್ನ ದುಡ್ಡು ಬರುತ್ತೆ. ಅದು ಅವರ ಉಸಿರು ಹೋಗಿದ್ದಕ್ಕೆ ಬಂದ ದುಡ್ಡು. ಅದು ಕೈಗೆ ಬಂದ ಮೇಲೆ ನಾನು ಆ ಕಡೆ ತಲೆ ಹಾಕಲ್ಲ’ ಅಂದಳು.

‘ಕುಸುಮನ ದುಡ್ಡು?’

‘ಅವಳೂ ಮೂವರನ್ನ ಸೇರಿಸಲಿ!’

ಅದು ಅವಳ ಬಾಯಿಂದ ಬಂದ ಮಾತೆಂದು ನಂಬಲು ನನಗೆ ಆಗಲಿಲ್ಲ. ಅವಳಿಗೂ ಆಗಲಿಲ್ಲವೇನೋ, ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡಳು. ‘ಹೋದ ದುಡ್ಡು ಹೋಯ್ತು ಹಾಲಮ್ಮ. ಅದರ ಹಿಂದೆ ಇನ್ನೊಬ್ಬಳನ್ನ ನೂಕಬೇಡ. ನಮ್ಮನೇಲಿ ನಿನಗೆ ಎರಡು ಹೊತ್ತು ಅನ್ನ ಇಲ್ವಾ?’ ಅಂದೆ. ಅವಳು ಚಪ್ಪಲಿ ಮೆಟ್ಟಿಕೊಂಡು ನನ್ನನ್ನು ದಾಟಿ ಹೋದಳು.

ಸಂತೆ ಕಿಕ್ಕಿರಿದಿತ್ತು. ಕಟ್ಟೆಯ ಬುಡದಲ್ಲಿ ಕುಸುಮ ಒಂದು ಬಟ್ಟೆಯ ಚೀಲವನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಕಂಪನಿಯ ಗುಮಾಸ್ತ ಮೇಜು ಹಾಕಿಕೊಂಡು ಪಕ್ಕದಲ್ಲೇ ಕೂತಿದ್ದ. ಕಟ್ಟೆಯ ಮೇಲೆ ಒಬ್ಬರು ಉಪ್ಪು ಹಿಡಿದಿರುವಾಗ ಕೆಳಗಿನವರು ತುಟಿ ಬಿಚ್ಚಬಾರದು, ಅದು ನಮ್ಮೂರಿನ ಕಟ್ಟಳೆ. ನಾನು ಜನರನ್ನು ಸರಿಸಿಕೊಂಡು ಮುಂದೆ ಬರುವಷ್ಟರಲ್ಲಿ ಹಾಲಮ್ಮ ಮೇಲೆ ನಿಂತು ಉಪ್ಪು ಹಿಡಿದಾಗಿತ್ತು.

‘ನಾನು ಹಾಲಮ್ಮ. ನನ್ನ ಮನೆಯಲ್ಲಿ ಯಂತ್ರ ಇದೆ. ದಿನಾ ಹಪ್ಪಳ ಒತ್ತುತ್ತೀನಿ.’

ಅವಳ ಮುಷ್ಟಿ ಒಣಗಿತ್ತು. ಜನ ತಲೆಯಾಡಿಸಿದರು. ಕುಸುಮ ಚೀಲದ ಗಂಟಿಗೆ ಕೈ ಹಾಕಿದಳು. ಹಾಲಮ್ಮ ಅದನ್ನು ನೋಡಿದಳು. ನನ್ನನ್ನೂ ನೋಡಿದಳು. ಕಣ್ಣು ಮುಚ್ಚಿಕೊಂಡು, ಮಗ್ಗಿ ಒಪ್ಪಿಸುವವಳ ಹಾಗೆ, ‘ನಮ್ಮ ಹಪ್ಪಳ ದೊಡ್ಡ ಹೋಟೆಲುಗಳಿಗೆ ಹೋಗುತ್ತೆ. ಈ ಕೆಲಸದಲ್ಲಿ ನಷ್ಟ ಇಲ್ಲ’ ಅಂದುಬಿಟ್ಟಳು.

ಮೊದಲು ಒಂದು ಹನಿ ಬಿತ್ತು. ಕಲ್ಲಿನ ಮೇಲೆ ಬಿದ್ದ ಸದ್ದು ನನಗೆ ಕೇಳಿಸಿತು. ಆಮೇಲೆ ಬೆರಳಿನ ಸಂದಿಯಿಂದ, ಮಣಿಕಟ್ಟಿನಿಂದ, ಮೊಣಕೈವರೆಗೆ ನೀರು ಇಳಿದು ರವಿಕೆಯ ತೋಳನ್ನು ತೋಯಿಸಿ ಸುರಿಯಿತು. ಹಾಲಮ್ಮನ ಕೈ! ಸಂತೆಯಲ್ಲಿ ತಕ್ಕಡಿ ಎತ್ತಿದವನು ಹಾಗೇ ಎತ್ತಿಕೊಂಡು ನಿಂತಿದ್ದ. ಉಪ್ಪು ಕರಗಿದವರ ಜೊತೆ ನಮ್ಮೂರಿನಲ್ಲಿ ಸಾಯುವ ತನಕ ಯಾರೂ ವ್ಯವಹಾರ ಮಾಡುವುದಿಲ್ಲ, ಒಂದು ಬೆಂಕಿಪೊಟ್ಟಣವನ್ನೂ ಕೊಡುವುದಿಲ್ಲ. ಅಂಥವರು ಕಟ್ಟೆ ಇಳಿದು, ತಲೆಯ ಮೇಲೆ ಸೆರಗೋ ಟವೆಲ್ಲೋ ಹಾಕಿಕೊಂಡು, ಹಿಂದಿನ ಓಣಿಯಿಂದ ಮನೆ ಸೇರುತ್ತಾರೆ. ಹಾಲಮ್ಮ ತನ್ನ ಕೈಯನ್ನು ಇನ್ಯಾರದೋ ಕೈಯೆಂಬಂತೆ ನೋಡುತ್ತ ನಿಂತಿದ್ದಳು. ಗುಮಾಸ್ತ ಮೇಜಿನ ಮೇಲಿನ ಸಾಮಾನು ಚೀಲಕ್ಕೆ ತುಂಬತೊಡಗಿದ.

ಆಗ ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಬಟ್ಟಲಿಗೆ ಮತ್ತೆ ಕೈ ಹಾಕಿದಳು.

ಜನರ ಬಾಯಿಂದ ಒಂದು ಸದ್ದು ಹೊರಟಿತು, ಯಾರೋ ಹೊಡೆದ ಹಾಗೆ. ಒಮ್ಮೆ ಕರಗಿದ ಮೇಲೆ ಮತ್ತೆ ಉಪ್ಪು ಹಿಡಿದವರನ್ನು ನಾವು ಕಂಡಿರಲಿಲ್ಲ, ಕೇಳಿರಲಿಲ್ಲ. ಹಿಡಿಯಬಾರದು ಅಂತ ಯಾವ ಕಟ್ಟಳೆಯೂ ಇರಲಿಲ್ಲ, ಹಿಡಿಯುವ ಧೈರ್ಯ ಯಾರಿಗೂ ಬಂದಿರಲಿಲ್ಲ ಅಷ್ಟೆ.

‘ಈಗ ಹೇಳಿದ್ದು ಸುಳ್ಳು’ ಅಂದಳು. ‘ನಮ್ಮ ಹಪ್ಪಳ ಯಾರೂ ತಿಂತಾ ಇಲ್ಲ. ಕುಟ್ಟಿ ಪುಡಿ ಮಾಡಿ ನಮಗೇ ಮಾರ್ತಾ ಇದ್ದಾರೆ. ಕುಸುಮಾ, ಚೀಲ ಕಟ್ಟು. ನನ್ನ ಬಾಕಿ ಬರಲಿ ಅಂತ ನಿನ್ನನ್ನ ಬಾವಿಗೆ ತಳ್ತಾ ಇದ್ದೆ.’

ಮುಷ್ಟಿ ಬಿಚ್ಚಿದಳು. ಉಪ್ಪು ಒಣಗಿತ್ತು.

‘ಒಣಗಿದೆ, ಒಣಗಿದೆ! ಹಾಗಾದ್ರೆ ನಿಜ!’ ಅಂತ ಗದ್ದಲ ಎದ್ದಿತು. ಅದನ್ನು ಕೇಳಿ ನನಗೆ ಸಿಟ್ಟು ಬಂತು. ಕಟ್ಟೆ ಹತ್ತಿ ಅವಳ ಪಕ್ಕದಲ್ಲಿ ನಿಂತೆ. ‘ಇದನ್ನೂ ಉಪ್ಪಿಗೇ ಬಿಡ್ತೀರೇನ್ರೇ? ಹೋದ ತಿಂಗಳು ಇವಳು ಇಲ್ಲೇ ನಿಂತು ಹೋಟೆಲಿಗೆ ಹೋಗುತ್ತೆ ಅಂದಾಗ್ಲೂ ಒಣಗಿರಲಿಲ್ವಾ? ನಂಬಿ ಹೇಳಿದ್ರೆ ಒಣಗಿರುತ್ತೆ, ನಂಬಿದ್ದೆಲ್ಲ ನಿಜ ಆಗಿಬಿಡುತ್ತಾ? ಮೂಗಿಲ್ವಾ ನಿಮಗೆ? ಮೂಸಿ ನೋಡಿ!’ ಅಂತ ಗಂಟನ್ನು ಕೆಳಗೆ ಕೊಟ್ಟೆ. ಖೈರುಬಿ ಮುಂದೆ ಬಂದು, ‘ನನ್ನ ಮೂಟೇದು ಅದು. ನಾನು ಏನೂ ಬೆರೆಸಿಲ್ಲ’ ಅಂದಳು.

ಗಂಟು ಕೈಯಿಂದ ಕೈಗೆ ಹೋಯಿತು. ಒಬ್ಬಳು ಮೂಸಿ, ‘ನನ್ನ ಮೂಟೇಲಿ ಎಳ್ಳು ಬಂದಿತ್ತು’ ಅಂದಳು. ಅವಳ ಹಿಂದಿದ್ದವಳು, ‘ಎಳ್ಳು ಹಾಕೋಳು ನಾನು ಕಣೆ!’ ಅಂದು ಬಾಯಿ ಮುಚ್ಚಿಕೊಂಡಳು. ‘ಕರಿಮೆಣಸು ಯಾರಿಗೆ ಹೋಯ್ತು?’ ಅಂತ ಇನ್ನೊಬ್ಬಳು ಚೀರಿದಳು. ‘ಇಂಗು? ಇಂಗು ಯಾರಿಗೆ ಬಂತು?’ ಏನೂ ಹಾಕಬಾರದು ಅಂದಿದ್ದ ಹಿಟ್ಟಿಗೆ ನಮ್ಮೂರಿನ ಒಬ್ಬೊಬ್ಬ ಹೆಂಗಸೂ ಬಾಗಿಲು ಮುಂದೆ ಮಾಡಿ ತನ್ನ ತನ್ನ ತವರಿನ ರುಚಿಯನ್ನು ಚಿಟಿಕೆ ಸೇರಿಸಿದ್ದಳು. ಒಬ್ಬಳ ರುಚಿ ಇನ್ನೊಬ್ಬಳ ಮನೆಯಲ್ಲಿ. ಅವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದ ರೀತಿಯನ್ನು ನಾನು ಮರೆಯಲಾರೆ, ತಮ್ಮ ಮಕ್ಕಳನ್ನು ಬೇರೆಯವರ ಕಂಕುಳಲ್ಲಿ ಕಂಡವರ ಹಾಗೆ.

ಎಲ್ಲರೂ ಹೊಳೆಯಾಚೆಯ ಗೋದಾಮಿಗೆ ನುಗ್ಗಿದರು. ಬೀಗ ಹಾಕಿತ್ತು. ಕಿಟಕಿಯಿಂದ ನೋಡಿದರೆ ಒಳಗೆ ಒಂದು ಕುಟ್ಟುವ ಗಿರಣಿ, ಅದರ ಬಾಯಿಯಲ್ಲಿ ಅರ್ಧ ಮುರಿದ ಹಪ್ಪಳಗಳು. ಶ್ರೀಕರಯ್ಯ ಅವತ್ತು ಸಿಗಲಿಲ್ಲ, ಇವತ್ತಿನವರೆಗೂ ಸಿಕ್ಕಿಲ್ಲ. ಗುಮಾಸ್ತನನ್ನು ಹಿಡಿದು ಉಪ್ಪು ಕೊಟ್ಟರು. ಅವನಿಗೂ ಏನೂ ಗೊತ್ತಿರಲಿಲ್ಲ. ತನ್ನ ತಾಯಿಗೂ ಒಂದು ಯಂತ್ರ ಕೊಡಿಸಿದ್ದ, ಪಾಪ. ದೂರು ಕೊಟ್ಟೆವು. ಗೋದಾಮಿನ ಸಾಮಾನು ಹರಾಜಾಗಿ ಎಲ್ಲರಿಗೂ ಪುಡಿಗಾಸು ಬಂತು. ಹಾಲಮ್ಮನ ಗಂಡನ ದುಡ್ಡು ಹೋದದ್ದು ಹೋಯಿತು.

ಕುಸುಮ ಗಾಡಿ ಕೊಂಡಳು. ಕೊಳ್ಳುವ ದಿನ ಗಾಡಿಯವನು ತಾನಾಗಿಯೇ ಉಪ್ಪು ಹಿಡಿಯಲು ಹೋದ. ‘ಅದು ಆಮೇಲೆ ಅಣ್ಣ. ಮೊದಲು ಗಾಡಿ ಮಗ್ಗುಲಾಗಿ ಹಾಕು, ಚಕ್ರದ ಅಚ್ಚು ನೋಡಬೇಕು. ಇಷ್ಟು ಒಳ್ಳೆ ಗಾಡೀನ ಯಾಕೆ ಮಾರ್ತಾ ಇದೀಯ ಅನ್ನೋದನ್ನೂ ಹೇಳು’ ಅಂತ ಮಧ್ಯಾಹ್ನವೆಲ್ಲ ಅವನ ಜೀವ ತಿಂದಳು. ಅವತ್ತಿನಿಂದ ಪೂರ್ತಿ ಊಟ ಮಾಡುತ್ತಿದ್ದಾಳೆ.

ಹಾಲಮ್ಮನಿಗೆ ಯಾರೂ ಏನೂ ಕೊಡುತ್ತಿರಲಿಲ್ಲ, ಅವಳಿಂದ ಏನೂ ಕೊಳ್ಳುತ್ತಿರಲಿಲ್ಲ. ಎರಡನೆಯ ಸಲದ ಉಪ್ಪು ಒಣಗಿದ್ದನ್ನು ನೋಡಿದವರೇ ಮೊದಲನೆಯ ಸಲದ ನೀರನ್ನು ನೆನಪಿಟ್ಟುಕೊಂಡರು. ನಾನು ಅವಳನ್ನೂ ಅವಳ ಯಂತ್ರವನ್ನೂ ಊಟದ ಮನೆಯ ಹಿತ್ತಲಿಗೆ ಕರೆತಂದೆ. ಬೇರೆ ಅಂಗಡಿಯಿಂದ ಒಳ್ಳೆಯ ಉದ್ದಿನ ಹಿಟ್ಟು ತರಿಸಿದೆ. ಅತ್ತೆಯವರ ಪುಡಿಯನ್ನು ಅವಳು ಈ ಸಲ ಬಾಗಿಲು ಮುಂದೆ ಮಾಡದೆಯೇ ಹಾಕಿದಳು. ನಮ್ಮ ಮನೆಯವರು ಕರಿದು ಕೊಟ್ಟರು. ‘ಯಾರು ಮಾಡಿದ್ದು ಅಂತ ಕೇಳಿದ್ರೆ?’ ಅಂತ ಅವರಿಗೆ ಭಯ.

‘ನಿಜ ಹೇಳ್ತೀನಿ’ ಅಂದೆ.

ಹಾಲಮ್ಮನೇ ಬುಟ್ಟಿ ಹಿಡಿದು ಬಡಿಸಲು ಬಂದಾಗ ಸಾಲಿನಲ್ಲಿ ಒಬ್ಬ ಎಲೆಯ ಮೇಲೆ ಕೈ ಅಡ್ಡ ಇಟ್ಟ. ಪಕ್ಕದವನೂ ಇಟ್ಟ. ಅವಳು ಬುಟ್ಟಿ ಹಿಡಿದುಕೊಂಡು, ಮುಂದೆ ಹೋಗಲೂ ಆಗದೆ, ಹಿಂದೆ ಬರಲೂ ಆಗದೆ ನಡುವೆ ನಿಂತಳು. ಆಗ ಕೊನೆಯಲ್ಲಿ ಕೂತಿದ್ದ ಕುಸುಮ, ‘ಹಾಲಮ್ಮಕ್ಕ, ಈ ಕಡೆಯಿಂದ ಬನ್ನಿ, ನನಗೆ ಎರಡು’ ಅಂತ ಕೂಗಿದಳು. ಹಾಕಿಸಿಕೊಂಡು, ಎಲ್ಲರೂ ನೋಡುತ್ತಿರುವಾಗ, ಬಾಯಿಗಿಟ್ಟು ಕಡಿದಳು.

ಕರುಮ್ ಎಂದು ಸದ್ದಾಯಿತು. ಹಾಲಮ್ಮ ಬೆಚ್ಚಿಬಿದ್ದಳು. ಆ ಯಂತ್ರ ಮನೆಗೆ ಬಂದಾಗಿನಿಂದ ಅವಳು ಬಿಸಿಲಿನಲ್ಲಿ ಹರಡಿದ ಹಪ್ಪಳಗಳಿಗೆ ಲೆಕ್ಕವಿಲ್ಲ. ಅದರಲ್ಲಿ ಒಂದನ್ನು ಯಾರಾದರೂ ಕಡಿದ ಸದ್ದನ್ನು ಅವಳು ಕೇಳಿದ್ದು ಅದೇ ಮೊದಲು.